ಮುಟ್ಟಲು ಬಂದವರು

ಅಪ್ಪನನ್ನು ಬೇರೆ ಇಟ್ಟಿದ್ದಾರೆಂಬ ಸುದ್ದಿ ಬಂದಾಗ ಮುತ್ತುರಾಜ ಸಿಂದಗಿಯ ಸಾಲೆಯಲ್ಲಿ ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದ. ಅವ್ವ ದುರ್ಗವ್ವ ಫೋನಿನಲ್ಲಿ ಹೆಚ್ಚು ಮಾತಾಡುವವಳಲ್ಲ.

"ನಿಮ್ಮಪ್ಪನ್ನ ಬ್ಯಾರೆ ಇಟ್ಟಾರಪಾ. ತಾಟೂ ಬ್ಯಾರೆ" ಅಂದಳು.

ಇಷ್ಟಕ್ಕೆ ಅರ್ಥ ಕೇಳುವ ಪ್ರಸಂಗ ಅವರ ಮನೆತನದಲ್ಲಿ ಯಾರಿಗೂ ಬಂದಿದ್ದಿಲ್ಲ. ಯಾಕೆ ಅಂತ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೈಗೆ ಮೆತ್ತಿದ ಸೀಮೆಸುಣ್ಣವನ್ನೂ ಒರೆಸಿಕೊಳ್ಳದೆ ಬಸವನ ಬಾಗೇವಾಡಿಯ ಬಸ್ಸು ಹತ್ತಿದ. ಬಸ್ಸು ಅರ್ಧ ದಾರಿ ದಾಟುವ ಹೊತ್ತಿಗೆ ಹೇಳಬೇಕಾದ ಮಾತೆಲ್ಲ ಅವನ ಬಾಯಲ್ಲಿ ಸಿದ್ಧವಾಗಿತ್ತು.

ಅವನ ಅಪ್ಪ, ತಂಗಡಗಿಯ ಮಲ್ಲಣ್ಣ ಅಂದರೆ ಕೈ ನೆಟ್ಟಗಿನ ಗೌಂಡಿ. ಮುದ್ದೇಬಿಹಾಳ, ನಾಲತವಾಡಗಳಲ್ಲಿ ಅವನು ಗೋಡೆ ಎಬ್ಬಿಸಿದ ಮನೆಗಳನ್ನು ತೋರಿಸುತ್ತ ಹೊರಟರೆ ಹೊತ್ತು ಮುಳುಗುತ್ತದೆ. ಅಡುಗೆಯ ಕಟ್ಟೆ ಅವನೇ ಕಟ್ಟಬೇಕು, ದೇವರ ಗೂಡೂ ಅವನ ಕೈಯಲ್ಲೇ ಆಗಬೇಕು. ವಾಸ್ತುಶಾಂತಿ ಮುಗಿದ ಮರುದಿನ ಮಾತ್ರ ಅದೇ ಮನೆಯ ಹೊಸ್ತಿಲ ಆಚೆ ನಿಂತು "ಯಜಮಾನ್ರ" ಎಂದು ಕೂಗಬೇಕು. ಅಂಥದೇ ಒಂದು ಮನೆಯ ಮಾಳಿಗೆಯಿಂದ ಜಾರಿ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಿದ್ದ. ಬಾಗೇವಾಡಿಯ ಒಂದು ಖಾಸಗಿ ದವಾಖಾನೆಯಲ್ಲಿ ರಾಡು ಹಾಕಿದರು. ರಾಡೇನೋ ಕೂತಿತು, ಗಾಯ ಮಾಯಲಿಲ್ಲ. ಕೀವಾಯಿತು, ಜ್ವರ ಹಿಡಿಯಿತು. ಕೀವನ್ನು ಪರೀಕ್ಷೆಗೆ ಕಳಿಸಿದ್ದಾರೆ ಎಂಬಲ್ಲಿಗೆ ಮುತ್ತುರಾಜನಿಗೆ ಗೊತ್ತಿದ್ದ ಸುದ್ದಿ ಮುಗಿಯುತ್ತಿತ್ತು.

ದವಾಖಾನೆಯ ಕೆಳಗಿನ ಅಂತಸ್ತಿನಲ್ಲಿ ಜನರಲ್ ವಾರ್ಡು, ಮೇಲಿನದರಲ್ಲಿ ಸ್ಪೆಷಲ್ ಖೋಲಿಗಳು. ಕೆಳಗೆ ವಾರ್ಡು ದಾಟಿ, ಪಾಯಖಾನೆ ದಾಟಿ, ಕೊನೆಗೆ ಹರಕು ಗಾದಿ, ಮುರುಕು ಕುರ್ಚಿ ಒಟ್ಟುತ್ತಿದ್ದ ಒಂದು ಖೋಲಿ. ಅದನ್ನು ಖಾಲಿ ಮಾಡಿಸಿ ಮಲ್ಲಣ್ಣನ ಮಂಚ ಹಾಕಿದ್ದರು. ಬಾಗಿಲಿಗೆ ಅಡ್ಡಗೀಟು ಎಳೆದ ಕೈಯ ಚಿತ್ರದ ಪಾಟಿ ಹಚ್ಚಿದ್ದರು. ಕೆಳಗೆ 'ಮುಟ್ಟುವ ಮುನ್ನ ಎಚ್ಚರ' ಎಂದು ಬರೆದಿತ್ತು. ಹೊರಗೆ ಸ್ಟೂಲಿನ ಮೇಲೆ ತಾಟು, ವಾಟಗ. ಎರಡಕ್ಕೂ ಕೆಂಪು ಬಣ್ಣದ ಗುರುತು ಹೊಡೆದಿದ್ದರು. ಬಾಗಿಲ ಪಕ್ಕದ ನೆಲದ ಮೇಲೆ ದುರ್ಗವ್ವ ಕೂತಿದ್ದಳು.

"ಊಟಾ ಮಾಡ್ಯಾನೇನಬೇ?"

"ಎಲ್ಲೀ ಊಟ? ಆ ತಾಟು ನೋಡಿದಾಗಿಂದ ಗ್ವಾಡಿಗಿ ಮಾರಿ ಹಾಕಿ ಮಕ್ಕೊಂಡಾನ. ನೀರೂ ಒಲ್ಲೆ ಅಂತಾನ. ಹೊಟ್ಟ್ಯಾಗ ಕೂಳಿಲ್ಲದ ಸೂಜಿ ಹ್ಯಾಂಗ ತಡಕೋತಾನಂತ ಡಾಕ್ಟರಮ್ಮ ಬೈದು ಹೋದಳು."

ಅಷ್ಟರಲ್ಲಿ ನೀಲಿ ಪ್ಲಾಸ್ಟಿಕ್ಕಿನ ಗೌನು ತೊಟ್ಟು, ಕೈಗೆ ಗ್ಲೌಸು ಏರಿಸಿದ ಆಯಾ ಗಂಜಿಯ ವಾಟಗ ಹಿಡಿದು ಒಳಗೆ ಹೋದಳು. ಮಲ್ಲಣ್ಣ ತಿರುಗಲಿಲ್ಲ.

"ತಗೊಂಡು ಹೋಗವ್ವಾ. ಆ ಕೈಯಾಗಿಂದು ನಾ ಉಣ್ಣಾಂಗಿಲ್ಲ" ಎಂಬುದಷ್ಟೇ ಕೇಳಿಸಿತು.

ಮುತ್ತುರಾಜನಿಗೆ ಇನ್ನೇನೂ ಬೇಕಾಗಲಿಲ್ಲ, ನೆಟ್ಟಗೆ ಆಫೀಸಿಗೆ ನಡೆದ. ಹಳ್ಳಿಯ ಹೋಟೆಲಿನಲ್ಲಿ ಬೇರೆ ಕಪ್ಪು ಇಟ್ಟರೆ ಅದನ್ನು ಎತ್ತಿ ತೋರಿಸಬಹುದು, ಒಡೆಯಬಹುದು. ಇಲ್ಲಿ ಅದೇ ಕಪ್ಪಿಗೆ ಇಂಗ್ಲಿಷಿನ ಹೆಸರಿಟ್ಟು ಇಸ್ತ್ರಿ ಅಂಗಿಯ ಮ್ಯಾನೇಜರ ಕಾಯುತ್ತ ಕೂತಿದ್ದ.

"ಇದು ಪ್ರೋಟೋಕಾಲ್ ಐತ್ರಿ ಸರ್" ಅಂದ ಮ್ಯಾನೇಜರ.

"ಯಾರ ಸಲುವಾಗಿ?"

"ನಿಮ್ಮ ತಂದಿಯವರ ಸಲುವಾಗೇರಿ. ಎಲ್ಲಾರ ಸಲುವಾಗೂರಿ."

"ಎಲ್ಲಾರ ಸಲುವಾಗಿ ಅಂದ್ರ ಎಲ್ಲಾರ ತಾಟಿಗೂ ಕೆಂಪು ಬಣ್ಣ ಯಾಕಿಲ್ಲ?"

ಮ್ಯಾನೇಜರ ನಕ್ಕ. ಸಿಟ್ಟು ಮಾಡಿದ್ದರೆ ಮುತ್ತುರಾಜ ಎರಡು ಮಾತು ಹೆಚ್ಚು ಆಡಿ ಸುಮ್ಮನಾಗುತ್ತಿದ್ದನೇನೋ. ಆ ನಗು ಅವನನ್ನು ಹೊರಗೆ ಹಾಕಿತು, ಕೈಗೆ ಫೋನು ಕೊಟ್ಟಿತು.

ಸಿಂದಗಿಯಲ್ಲಿ ಅವನದೊಂದು ಓದುಬಳಗವಿತ್ತು. ರವಿವಾರ ಕೂಡಿ ಓದುವುದು, ಓದಿದ್ದಕ್ಕೆ ಜಗಳಾಡುವುದು. ಎಲ್ಲಾದರೂ ಯಾರನ್ನಾದರೂ ಮುಟ್ಟಿಸಿಕೊಳ್ಳದೆ ದೂರ ಇಟ್ಟರೆಂದು ತಿಳಿದರೆ ಅಲ್ಲಿಗೆ ಹೋಗಿ ಸಾಲುಗಟ್ಟಿ ನಿಂತು, ಆ ಮನುಷ್ಯನನ್ನು ಎಲ್ಲರ ಕಣ್ಣೆದುರು ಒಬ್ಬೊಬ್ಬರಾಗಿ ತಬ್ಬಿಕೊಂಡು, ಅವನ ತಾಟಿನಿಂದಲೇ ಒಂದು ತುತ್ತು ತಿಂದು ಬರುವುದು ಅವರ ಪದ್ಧತಿ. ಘೋಷಣೆಯಿಲ್ಲ, ಭಾಷಣವಿಲ್ಲ. 'ಮುಟ್ಟುವ ಸಾಲು' ಎನ್ನುತ್ತಿದ್ದರು. ಈ ಸಾಲಿಗೆ ಹೆದರಿ ಇಂಡಿ ಕಡೆಯ ಒಂದು ಹಳ್ಳಿಯಲ್ಲಿ ಕ್ಷೌರದಂಗಡಿಯ ಬಾಗಿಲು ಕೇರಿಯವರಿಗೂ ತೆರೆದಿತ್ತು.

ಮುದ್ದೇಬಿಹಾಳದಲ್ಲಿ ವಕೀಲಿಕೆ ಮಾಡುವ, ಬಳಗದವಳೇ ಆದ ವಿಜಯಶ್ರೀಗೆ ಫೋನು ಹಚ್ಚಿದ.

"ಅಕ್ಕಾ, ನಮ್ಮಪ್ಪನತನಕ ಬಂತು, ಬಾಗೇವಾಡಿ ದವಾಖಾನ್ಯಾಗ. ಸಾಲು ಹಚ್ಚಬೇಕು."

"ಯಾವಾಗ?"

"ಇವತ್ತ."

"ಇಂಡಿಯವರಿಗೂ ಹೇಳ್ತೇನಿ. ಸಂಜಿ ಅನ್ನೂದರಾಗ ಎಲ್ಲಾರೂ ಅಲ್ಲಿರ್ತೇವಿ. ನೀ ಅಪ್ಪಗ ಎದ್ದು ಕುಂದ್ರು ಅಂತ ಹೇಳು."

ಅವನು ಹೇಳಲು ಹೋದಾಗ ಬಾಗಿಲಲ್ಲಿ ಡಾಕ್ಟರು ಅಡ್ಡ ನಿಂತಿದ್ದಳು. ವಯಸ್ಸು ಅವನದೇ ಇರಬೇಕು. ಕಣ್ಣು ಕೆಂಪಾಗಿದ್ದವು. ಪ್ರಿಯದರ್ಶಿನಿ ಎಂದು ಎದೆಯ ಮೇಲಿನ ಚೀಟಿ ಹೇಳುತ್ತಿತ್ತು.

"ಒಳಗ ಹೋಗ್ರಿ, ಬ್ಯಾಡನ್ನಂಗಿಲ್ಲ. ಗೌನು ಹಾಕ್ಕೋರಿ, ಗ್ಲೌಸು ಹಾಕ್ಕೋರಿ. ಬರೂಮುಂದ ತಗದು ಅಲ್ಲೇ ಒಗದು ಕೈ ತೊಳಕೋರಿ."

"ಮುಟ್ಟಿ ತೊಳಕೊಳ್ಳೂದು ನಮಗ ಹೊಸದಲ್ರಿ ಮೇಡಂ. ನಮ್ಮಜ್ಜನ ನೆರಳು ಬಿತ್ತಂತ ತಲಿಮ್ಯಾಲ ನೀರು ಸುರಕೊಂಡವರನ್ನ ನೋಡೇವಿ."

ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

"ಅಯ್ಯ, ಹಂಗ ತಿಳಕೊಂಡೀರಾ?" ಅಂದಳು. "ಕೇಳ್ರಿ ಇಲ್ಲಿ. ನಿಮ್ಮಪ್ಪಾರ ಕೀವಿನ್ಯಾಗ ಒಂದು ಕೀಟಾಣು ಐತಿ. ನಾವು ಕೊಡೂ ಔಷಧಕ್ಕೆಲ್ಲಾ ಅದು ಬಗ್ಗೂದು ಬಿಟ್ಟೈತಿ. ಒಂದೋ ಎರಡೋ ಸೂಜಿ ಉಳದಾವ, ಅವನ್ನ ಹಾಕಾಕತ್ತೇನಿ. ಅದು ಗಾಳಿಮ್ಯಾಲೆ ಹಾರಿ ಬರೂ ಜಾತಿದಲ್ಲ..." ಜಾತಿ ಎಂದ ಬಾಯನ್ನು ಅಲ್ಲಿಗೇ ತಿದ್ದಿಕೊಂಡಳು. "ಹಾರಿ ಬರೂ ತರದ್ದಲ್ಲ. ಕೈಯಿಂದ ಹೋಗ್ತೈತಿ. ನಿಮ್ಮಂಥ ಗಟ್ಟಿಮುಟ್ಟು ಮಂದಿಗಿ ಹತ್ತಿದ್ರ ಏನೂ ಆಗಾಂಗಿಲ್ಲ. ಆದ್ರ ಅದ ಕೈಲಿ ನೀವು ವಾರ್ಡಿನ್ಯಾಗ ಗಾಯ ಆದವರನ್ನ ಮುಟ್ಟಿದ್ರಿ ಅಂದ್ರ ಅಂವ ಹೋದ. ನಮ್ಮಪ್ಪ ಇಂಡಿ ಕಡೆ ಕುರಿ ಕಾಯೂವ. ಕಾಲುಬ್ಯಾನಿ ಬಂದ ಕುರೀನ ಬ್ಯಾರೆ ಕಟ್ತಾನ. ಬ್ಯಾಡಾದ ಕುರಿ ಅಂತಲ್ಲ, ಹಿಂಡು ಉಳೀಲಿ ಅಂತ."

"ನಮ್ಮಪ್ಪ ಕುರಿ ಅಲ್ರಿ."

"ಅಲ್ಲ. ತಪ್ಪಾತು."

ಇಷ್ಟು ಸುಲಭವಾಗಿ ತಪ್ಪು ಒಪ್ಪಿಕೊಳ್ಳುವವರ ಎದುರು ಹೇಗೆ ಜಗಳಾಡುವುದೆಂದು ಅವನಿಗೆ ತಿಳಿಯಲಿಲ್ಲ. ಆದರೂ ಬಿಡಲಿಲ್ಲ. "ನಮ್ಮಪ್ಪ ತಂಗಡಗಿಯಿಂದ ಕಾಲು ಮುರಕೊಂಡು ಬಂದಿದ್ದ, ಕೀಟಾಣು ತಂದಿದ್ದಿಲ್ಲ. ಕೊಟ್ಟವರು ನೀವು. ನಿಮ್ಮ ಹೊಲಸು ನಮಗ ಹತ್ತಿಸಿ, ಕಡೀಕ ನಮ್ಮನ್ನ ಹೊಲಸು ಅಂತ ಮೂಲಿಗಿ ಹಾಕ್ತೀರಿ."

"ಅದು ಖರೇ ಐತಿ" ಅಂದಳು ಅವಳು. ದನಿ ಇಳಿಯಿತು. "ಇಲ್ಲಿಂದಽ ಬಂದೈತಿ. ಯಾರಿಂದ ಯಾರಿಗಿ ಅಂತ ಹೇಳಾಕ ಬರಾಂಗಿಲ್ಲ. ಮ್ಯಾಲೆ ಮೊದಲನೇ ಖೋಲ್ಯಾಗೂ ಅದಽ ಐತಿ."

ಹೇಳಬಾರದ್ದು ಬಾಯಿಂದ ಜಾರಿತ್ತು. ಮುತ್ತುರಾಜ ಹಿಡಿದುಕೊಂಡ.

"ಮ್ಯಾಲ ಯಾರದಾರ?"

ಅವಳು ಹೆಸರು ಹೇಳಲಿಲ್ಲ. ಹೇಳಿದ್ದು ಇಷ್ಟು: "ಇಬ್ಬರನ್ನೂ ಬ್ಯಾರೆ ಇಡ್ರಿ ಅಂತ ನಾನಽ ಬರದುಕೊಟ್ಟೇನಿ. ಮ್ಯಾಲಿನವರ ಬಾಗಿಲಿಗಿ ಪಾಟಿ ಹಚ್ಚಿದ್ರ ಸಿಟ್ಟಿಗೇಳ್ತಾರ ಅಂತ ಮ್ಯಾನೇಜರು ಬ್ಯಾಡಂದ್ರು. ಕೆಳಗಿನವರೂ ಸಿಟ್ಟಿಗೇಳ್ತಾರಲ್ರೀ ಅಂದೆ. ಅವರಿಗಿ ರೂಢಿ ಇರ್ತೈತಿ ಬಿಡ್ರಿ ಅಂದ್ರು."

ಮುತ್ತುರಾಜ ಮೇಲೆ ಹೋದ.

ಹೆಸರು ಕೇಳುವುದೇ ಬೇಕಾಗಿರಲಿಲ್ಲ. ಮೊದಲ ಖೋಲಿಯ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಬಸಂತರಾಯ, ಕಾರು ಪಲ್ಟಿಯಾಗಿ ತೊಡೆಗೆ ಪಟ್ಟಿ ಕಟ್ಟಿಸಿಕೊಂಡ ದೊಡ್ಡ ಜಮೀನಿನ ಸಾಹುಕಾರ. ಮಾತಾಡಿಸಲು ಬಂದವರು ಮಂಚದ ಮೇಲೆ, ಗಾದಿಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಒಬ್ಬ ಪಟ್ಟಿ ಕಟ್ಟಿದ ಕಾಲನ್ನೇ ನೀವುತ್ತಿದ್ದ. ಇನ್ನೊಬ್ಬ ಸಾಹುಕಾರನ ಕೈ ಹಿಡಿದು ಕುಶಾಲು ಮಾಡಿ, ಅದೇ ಕೈಯಲ್ಲಿ ಕಿತ್ತಳೆ ಸುಲಿದು ಎಲ್ಲರಿಗೂ ಹಂಚಿದ. ಬಾಗಿಲಲ್ಲಿ ಚಿತ್ರವಿಲ್ಲ. ಗೌನಿಲ್ಲ, ಕೆಂಪು ಬಣ್ಣವಿಲ್ಲ. ನರ್ಸಮ್ಮ ಬರಿಗೈಯಲ್ಲಿ ಸಾಹುಕಾರನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಆ ಯಂತ್ರವನ್ನೇ ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು.

ಅವನು ಅವಳ ಹಿಂದೆ ಇಳಿದ. ವಾರ್ಡಿನಲ್ಲಿ ಅವಳು ಬಗ್ಗಿದ್ದು ಮಹಮ್ಮದಹನೀಫನ ಮೇಲೆ.

ಹನೀಫ ಮನಗೂಳಿಯಲ್ಲಿ ಹಣ್ಣಿನ ಗಾಡಿ ಇಟ್ಟವನು. ಸಕ್ಕರೆ ಕಾಯಿಲೆಗೆ ಕಾಲಿನ ಬೆರಳು ತೆಗೆಸಿಕೊಂಡು ಬಂದಿದ್ದ. ನಿನ್ನೆಯವರೆಗೆ ಅವನ ಮಗ್ಗಲ ಮಂಚ ಮಲ್ಲಣ್ಣನದಾಗಿತ್ತು. ಹನೀಫನ ಹೆಂಡತಿ ಜಾಹಿದಾ ಚಾ ತಂದರೆ ಎರಡು ಕಪ್ಪು ಬಗ್ಗಿಸುತ್ತಿದ್ದಳು. ಮಲ್ಲಣ್ಣ ಸಂಕೋಚವಿಲ್ಲದೆ ಕುಡಿಯುತ್ತಿದ್ದ. ಮುತ್ತುರಾಜನನ್ನು ಕಂಡು ಹನೀಫ ಕೈ ಎತ್ತಿದ.

"ಮಾಸ್ತರ, ನಮ್ಮ ದೋಸ್ತನ್ನ ಎಲ್ಲಿ ಮುಚ್ಚಿಟ್ಟಾರ್ರಿ? ಹೊಳ್ಳಿ ಕರಕೊಂಡು ಬರ್ರಿ. ಅಂವ ಇಲ್ಲದ ಗೊರಕಿ ಯಾರದು ಕೇಳ್ಲಿ ನಾನು?"

ನರ್ಸಮ್ಮ ಅದೇ ಪಟ್ಟಿಯನ್ನು ಅವನ ತೋಳಿಗೆ ಸುತ್ತಿದಳು. ಮುತ್ತುರಾಜ "ಏ" ಅಂದ. ಮುಂದೆ ಏನನ್ನಬೇಕು? ಮುಟ್ಟಬೇಡ ಅನ್ನಬೇಕೆ? ಮುಟ್ಟಬೇಡ ಎಂಬ ಮಾತು ಅವನ ಬಾಯಿಂದ ಹೊರಡಬೇಕೆ? ನರ್ಸಮ್ಮ ಹುಬ್ಬು ಏರಿಸಿ ನೋಡಿದಳು. ಅವನು ಬೆನ್ನು ತಿರುಗಿಸಿ ನಡೆದ.

ಹೊರಗೆ ಬೇವಿನ ಮರದ ಕೆಳಗೆ ನಿಂತು ವಿಚಾರ ಮಾಡಿದ, ವಿಚಾರ ಹತ್ತಲಿಲ್ಲ. ಕೀಟಾಣು ಖರೇ. ರೂಢಿ ಇರುತ್ತದೆ ಬಿಡ್ರಿ ಎಂಬುದೂ ಖರೇ. ಎರಡರಲ್ಲಿ ಒಂದು ಸುಳ್ಳಾಗಿದ್ದರೆ ಅವನು ಈ ಹೊತ್ತಿಗೆ ಕೆಲಸಕ್ಕೆ ಹತ್ತಿಬಿಡುತ್ತಿದ್ದ. ಬಾಗಿಲಿಗೆ ಹಚ್ಚಿದ ಪಾಟಿ ವಾರ್ಡನ್ನು ಉಳಿಸಲು ಹಚ್ಚಿದ್ದೂ ಹೌದು. ಅದನ್ನು ಹಚ್ಚಲು ಅಪ್ಪನ ಬಾಗಿಲೇ ಸಿಕ್ಕಿದ್ದು ಯಾಕೆಂಬುದು ಈ ಜಿಲ್ಲೆಯ ಕೂಸಿಗೂ ಗೊತ್ತು. ಸಾಲು ಹಚ್ಚಿದರೆ ಹನೀಫ ಸಾಯಬಹುದು. ಹಚ್ಚದಿದ್ದರೆ ಅಪ್ಪ ಗೋಡೆ ನೋಡುತ್ತ, ಉಪವಾಸ ಬಿದ್ದು ಸೂಜಿ ತಾಳದೆ ಸಾಯಬಹುದು. ಇಷ್ಟು ವರ್ಷ ಓದಿದ್ದರಲ್ಲಿ ಇದಕ್ಕೆ ಏನಿತ್ತು ಎಂದು ನೆನಪು ಮಾಡಿಕೊಂಡ. ಒಂದು ಸಾಲೂ ನೆನಪಾಗಲಿಲ್ಲ.

ಅಷ್ಟರಲ್ಲಿ ಟೆಂಪೋ ಬಂತು. ಇಂಡಿಯವರು, ಸಿಂದಗಿಯವರು, ಮುದ್ದೇಬಿಹಾಳದವರು ದಬದಬ ಇಳಿದರು. ಮುಂದೆ ಕರೀ ಕೋಟು ತೆಗೆಯದೇ ಬಂದ ವಿಜಯಶ್ರೀ, ಅವಳ ಹಿಂದೆ ಬಳಗದಲ್ಲೇ ಹಿರಿಯನಾದ ಇಂಡಿಯ ಚಂದಪ್ಪ.

"ಜೈಭೀಮ್ ತಮ್ಮಾ. ಎಲ್ಲಿ ಖೋಲಿ? ನಾ ಮೊದಲ ತೆಕ್ಕಿಬಡೀಬೇಕು. ಮಲ್ಲಣ್ಣ ನನ್ನ ವಾರಗಿಯವ" ಅಂದ ಚಂದಪ್ಪ.

"ಕಾಕಾ, ನಿಂದ್ರು."

"ಯಾಕೋ?"

"ಒಳಗ ಹಂಗ ಹೋಗಬಾರದು. ಮುಟ್ಟಬಾರದು."

ಟೆಂಪೋದಿಂದ ಇಳಿದವರೆಲ್ಲ ಅವನ ಸುತ್ತ ಕೂಡಿದರು. ಮುತ್ತುರಾಜನಿಗೆ ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. ಕೀಟಾಣು ಅಂದ, ಸೂಜಿ ಅಂದ, ಹನೀಫನ ಬೆರಳು ಅಂದ, ಮ್ಯಾನೇಜರನ ರೂಢಿ ಅಂದ. ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಹೇಳಿದ.

"ಮಧ್ಯಾಹ್ನ ಸಾಲು ಹಚ್ಚಬೇಕಂದಿ, ಸಂಜೀಕ ಮುಟ್ಟಬ್ಯಾಡ್ರಿ ಅಂತೀದಿ" ಅಂದಳು ವಿಜಯಶ್ರೀ. "ಮಾಸ್ತರ, ಒಳಗಿಂದೊಳಗ ಏನರೆ ಮಾತಾತೇನು?"

"ಅಕ್ಕಾ, ನಿನ್ನ ಬಾಯಾಗ ಆ ಮಾತು ಬರಬಾರದಿತ್ತು."

"ನಿನ್ನ ಬಾಯಾಗ ಈ ಮಾತು ಬರಬಾರದಿತ್ತು."

ಚಂದಪ್ಪ ಅವನನ್ನು ಬಗಲಿಗೆ ಸರಿಸಿ ಒಳಗೆ ನಡೆದುಬಿಟ್ಟ. ಮುತ್ತುರಾಜ ಓಡಿ ಕೊನೆಯ ಖೋಲಿಯ ಬಾಗಿಲಿಗೆ ಎರಡೂ ಕೈ ಹಚ್ಚಿ ನಿಂತ. ತನ್ನವರಿಗೇ ಅಡ್ಡವಾಗಿ ಹೀಗೆ ನಿಲ್ಲುವುದು ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಎಷ್ಟು ಗುಡಿಗಳ, ಎಷ್ಟು ಹೋಟೆಲುಗಳ ಬಾಗಿಲಲ್ಲಿ ಇದೇ ನಿಲುವನ್ನು ಅವನು ಎದುರಿನಿಂದ ನೋಡಿರಲಿಲ್ಲ!

ಗದ್ದಲಕ್ಕೆ ಮ್ಯಾನೇಜರ ಬಂದ. ಮಂದಿ ನೋಡಿದ, ಕರೀ ಕೋಟು ನೋಡಿದ, ಮುಖಕ್ಕೆ ನಗು ಹೊಲಿದುಕೊಂಡ.

"ಇಷ್ಟಕ್ಯಾಕ್ರೀ ಸಿಟ್ಟು? ಹಿರಿಯಾರನ್ನ ಈಗಿಂದೀಗ ವಾರ್ಡಿಗಿ ಹಾಕಿಸ್ತೇನಿ. ಪಾಟಿ ತಗಸ್ತೇನಿ. ಕೇಸು ಗೀಸು ಏನೂ ಬ್ಯಾಡ್ರಿ."

"ಬಂತು ನೋಡು ದಾರಿಗಿ" ಎಂದು ಚಂದಪ್ಪ ಮೀಸೆ ತೀಡಿದ. ಗೆದ್ದೆವೆಂಬ ಉಸಿರು ಸಾಲಿನಲ್ಲಿ ಹಾಯಿತು. ಮ್ಯಾನೇಜರನ ಹಿಂದೆ ನಿಂತಿದ್ದ ಪ್ರಿಯದರ್ಶಿನಿ ಮಾತ್ರ ಕಣ್ಣು ಮುಚ್ಚಿದಳು.

ಇಷ್ಟು ಅಗ್ಗಕ್ಕೆ ಕೊಡುತ್ತಿದ್ದಾನಲ್ಲ! ಮುತ್ತುರಾಜನ ತಲೆಯಲ್ಲಿ ಅಷ್ಟೊತ್ತು ಸಿಕ್ಕುಬಿದ್ದ ನೂಲಿನ ಒಂದು ಎಳೆ ಅಲ್ಲಿ ಸಡಿಲಾಯಿತು. ಇವನಿಗೆ ಅಪ್ಪನನ್ನು ದೂರ ಇಡುವುದೂ ಬೇಕಿಲ್ಲ, ಹತ್ತಿರ ತರುವುದೂ ಬೇಕಿಲ್ಲ. ವಾರ್ಡಿನವರು ಬದುಕಿದರೆಷ್ಟು, ಬಿಟ್ಟರೆಷ್ಟು. ಮೇಲಿನ ಬಾಗಿಲು ಮುಚ್ಚಬಾರದು, ಅಷ್ಟೇ.

"ಬ್ಯಾಡ" ಅಂದ. "ನಮ್ಮಪ್ಪ ಇಲ್ಲೇ ಇರ್ತಾನ. ಈ ಪಾಟಿ ಇಲ್ಲೇ ಇರ್ಲಿ. ಇಂಥಾದ್ದಽ ಇನ್ನೊಂದು ಬಸಂತರಾಯ ಸಾಹುಕಾರ್ರ ಬಾಗಿಲಿಗೂ ಬೀಳಬೇಕು. ಗೌನು, ಗ್ಲೌಸು, ಕೆಂಪು ಬಣ್ಣದ ತಾಟು, ಎಲ್ಲಾ. ಅಲ್ಲೀತನಕ ನಾವು ಮೆಟ್ಟಲಮ್ಯಾಲೆ ಕುಂದ್ರತೇವಿ. ಬರಿಗೈಲೆ ಯಾರೂ ಮ್ಯಾಲೆ ಹೋಗಾಂಗಿಲ್ಲ, ಬರಿಗೈಲೆ ಯಾರೂ ಕೆಳಗ ಬರಾಂಗಿಲ್ಲ."

ಮ್ಯಾನೇಜರನ ನಗು ಅಲ್ಲಿ ಬಿಚ್ಚಿಬಿತ್ತು. "ಅವರು ಅಂಥಾ ಮಂದಿ ಅಲ್ರಿ" ಅಂದ.

"ಎಂಥಾ ಮಂದಿ ಅಲ್ಲ?" ಎಂದು ವಿಜಯಶ್ರೀ ಒಂದು ಹೆಜ್ಜೆ ಮುಂದೆ ಬಂದಳು. "ಹೇಳ್ರಿ. ನನ್ನ ಕಿವಿ ಇಲ್ಲೇ ಐತಿ."

ಮ್ಯಾನೇಜರ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಮುತ್ತುರಾಜನತ್ತ ತಿರುಗಿದಳು. "ನೀ ಮಾಡಾಕತ್ತಿದ್ದು ನನಗ ಪೂರಾ ತಿಳೀವಲ್ತು ತಮ್ಮಾ. ಮುಟ್ಟಿಸಾಕ ಕರದು, ದೊಡ್ಡಮಂದೀನೂ ಯಾರೂ ಮುಟ್ಟದಂಗ ಮಾಡಾಕತ್ತೀದಿ. ಆದ್ರ ಮೆಟ್ಟಲಮ್ಯಾಲೆ ಕುಂದ್ರೂದಕ್ಕ ತಿಳೀಬೇಕಂತೇನಿಲ್ಲ" ಎಂದು ಮೊದಲ ಮೆಟ್ಟಿಲ ಮೇಲೆ ಕೋಟು ಹಾಸಿ ಕೂತಳು. ಕೆಲವರು ಅವಳ ಹಿಂದೆ ಕೂತರು. ಕೆಲವರು ಗೊಣಗುತ್ತ ಟೆಂಪೋಕ್ಕೆ ಮರಳಿದರು; ಚಂದಪ್ಪ ಅವರಲ್ಲಿ ಒಬ್ಬ. "ನಾ ಮಲ್ಲಣ್ಣಗ ಮಾರೀ ಸೈತ ತೋರಿಸಲಿಲ್ಲ" ಎಂದು ಹೋಗುವಾಗ ಅಂದದ್ದು ಮುತ್ತುರಾಜನಿಗೆ ನಾಟಿತು.

ಮೇಲೆ ಕೂಗಾಟವಾಯಿತು. ಸಾಹುಕಾರನ ಅಳಿಯ ಇಳಿದುಬಂದು "ನಮಗ ಗೌನು ಹಾಕ್ಕೋ ಅಂತೀರ?" ಎಂದು ಅರಚಿದ. ಪ್ರಿಯದರ್ಶಿನಿ ಸುಮ್ಮನೆ ಗೌನುಗಳ ಡಬ್ಬಿ ಎತ್ತಿಕೊಂಡು, ಕೂತವರ ನಡುವೆ ದಾರಿ ಕೇಳಿಕೊಂಡು ಮೇಲೆ ಹೋದಳು. ನರ್ಸಮ್ಮನಿಂದ ಬಿಪಿ ಯಂತ್ರ ಇಸಿದುಕೊಂಡು ಅದನ್ನು ಮೇಲಿನ ಖೋಲಿಗೇ ಮೀಸಲು ಇಟ್ಟಳು. ಬಹಳ ಹೊತ್ತಿನ ಮೇಲೆ ಆ ಬಾಗಿಲಿಗೂ ಪಾಟಿ ಬಿತ್ತು. ಮಾತಾಡಿಸಲು ಬಂದವರು ಕೈ ತೊಳೆದು ಒಬ್ಬೊಬ್ಬರಾಗಿ ಇಳಿದರು. ಕೂತವರನ್ನು ನೋಡಿ ಬೈಯುತ್ತಲೇ ಇಳಿದರು.

ಗೆದ್ದೆವೋ ಇಲ್ಲವೋ ಮುತ್ತುರಾಜನಿಗೆ ಅಂದಾಜು ಸಿಗಲಿಲ್ಲ. ಅಪ್ಪ ಮಾತ್ರ ಇನ್ನೂ ಉಂಡಿರಲಿಲ್ಲ.

ದುರ್ಗವ್ವ ಮನೆಯಿಂದ ತಂದ ರೊಟ್ಟಿಯನ್ನು ತಾಟಿನಲ್ಲಿ ಹಾಲು ಹಾಕಿ ನೆನೆಸಿ ಕೊಟ್ಟಳು. ಅವನು ಗೌನು ತೊಟ್ಟ. ಗ್ಲೌಸು ಏರಿಸುವಾಗ ಸೀಮೆಸುಣ್ಣದ ಬೆರಳಿಗೆ ಸಿಕ್ಕಿ ಅದು ಹರಿಯಿತು; ಇನ್ನೊಂದು ತೆಗೆದುಕೊಂಡ. ಒಳಗೆ ಹೋಗಿ ಮಂಚದ ಮಗ್ಗುಲಲ್ಲಿ ನಿಂತ.

"ಯಪ್ಪಾ."

ದನಿಗೆ ಮಲ್ಲಣ್ಣ ತಿರುಗಿದ. ಮಗನ ಮುಖ ನೋಡಿದ. ಆಮೇಲೆ ಕೈ ನೋಡಿದ.

"ನೀನೂನಽ?"

ಮುತ್ತುರಾಜ ತಾಟನ್ನು ಮಂಚದ ಅಂಚಿಗೆ ಇಟ್ಟ. "ರೋಗ ಖರೇ ಐತಿ ಯಪ್ಪಾ" ಅಂದ. "ನಿನ್ನ ಕೀವಿನ್ಯಾಗ ಐತಿ. ಹನೀಫಗ ಹತ್ತಬಾರದು. ಮ್ಯಾಲಿನ ಸಾಹುಕಾರಗೂ ಅದಽ ಐತಿ. ಅವನ ಮಂದಿನೂ ಈಗ ಹಿಂಗಽ ಗ್ಲೌಸು ಹಾಕ್ಕೊಂಡಾರ. ನಾವಽ ಹಾಕ್ಸೇವಿ."

"ಸಾಹುಕಾರಗೂನ?"

"ಹೂಂ."

"ಅದು ಇವರ ದವಾಖಾನ್ಯಾಗಿಂದಽ ನನಗ ಬಂದದ್ದೋ?"

"ಹೂಂ. ಇಲ್ಲೀದಽ."

ಮಲ್ಲಣ್ಣ ತಲೆಯ ಮೇಲಿನ ಮಾಳಿಗೆ ನೋಡಿದ. ಗಾರೆ ಸರಿಯಾಗಿ ಎಳೆದಿಲ್ಲವೆಂದು ನೋಡುತ್ತಿದ್ದನೋ, ಬೇರೇನೋ. ಆಮೇಲೆ ಮೊಣಕೈ ಊರಿ ತಾನೇ ಎದ್ದು ಕೂತ. ಮಗ ಆಸರೆಗೆ ಕೈ ಚಾಚಿದರೆ ಹಿಂದೆ ಸರಿದ.

"ತಡಿ. ಮುಟ್ಟಬ್ಯಾಡ. ಅಂಥಾವು ಎರಡು ನನಗೂ ಕೊಡು."

"ನಿನಗ್ಯಾಕ ಯಪ್ಪಾ?"

"ಕೊಡೋ. ಯಾರ್ಯಾರ ಕೈಯಾಗ ಏನೇನೈತೋ ಯಾರಿಗಿ ಗೊತ್ತು? ನಾನೂ ಮಂದೀನ ದೂರ ಇಡ್ತೇನಿ."

ಮುತ್ತುರಾಜ ಹೊರಗಿನ ಡಬ್ಬಿಯಿಂದ ಜೋಡು ಗ್ಲೌಸು ತಂದುಕೊಟ್ಟ. ಸಿಮೆಂಟಿಗೆ ಬಿರಿತ ಆ ದಪ್ಪ ಬೆರಳುಗಳು ರಬ್ಬರಿನಲ್ಲಿ ಇಳಿಯಲು ಒದ್ದಾಡಿದವು. ಮಲ್ಲಣ್ಣ ಹಲ್ಲು ಕಚ್ಚಿ ಎಳೆದುಕೊಂಡ, ತಾಟನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಒಂದು ತುತ್ತು ಬಾಯಿಗೆ ಹಾಕಿ ಅಗಿದು ಮೋರೆ ಕಿವಿಚಿದ.

"ಥೂ, ರಬ್ಬರ್ ವಾಸನಿ" ಅಂದ. ಇನ್ನೊಂದು ತುತ್ತು ಕಲಸಿದ.

ಬಾಗಿಲಾಚೆ ನಿಂತ ದುರ್ಗವ್ವ ಸೆರಗು ಬಾಯಿಗೆ ಹಚ್ಚಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಇತ್ತಲಿಂದ ಕಾಣುತ್ತಿರಲಿಲ್ಲ. ಅಪ್ಪ ಚೇಷ್ಟೆ ಮಾಡುತ್ತಿದ್ದಾನೋ, ತನ್ನ ಆಯುಷ್ಯದ ಸಿಟ್ಟನ್ನೆಲ್ಲ ಒಂದು ಜೋಡು ಗ್ಲೌಸಿನಲ್ಲಿ ತುಂಬಿಕೊಂಡಿದ್ದಾನೋ, ಮುತ್ತುರಾಜನಿಗೂ ತಿಳಿಯಲಿಲ್ಲ. ಗ್ಲೌಸಿನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದೆ ಗಾಳಿಯಲ್ಲೇ ಹಿಡಿದುಕೊಂಡು, ಅಪ್ಪ ಉಣ್ಣುವುದನ್ನು ನೋಡುತ್ತ ನಿಂತ.